ಹಿತಚಿಂತಕ ಸರ್ಕಾರವೂ ಸ್ವತಂತ್ರ ಪ್ರಜೆಯೂ: ರಾಜಾಜಿಯವರ ಜೀವನದ ಪಾಠ

ರಾಜ್ಯಶಾಸ್ತ್ರದ ಪದಗಳಿಗೆ ಒಂದು ವಿಚಿತ್ರವಾದ ಗತಿಯುಂಟು. ಪದವು ಇದ್ದಲ್ಲಿಯೇ ಇರುತ್ತದೆ. ಅದರ ಅರ್ಥವು ಮಾತ್ರ ಸದ್ದಿಲ್ಲದೆ ಆಚೆಯ ದಡವನ್ನು ಸೇರಿಬಿಟ್ಟಿರುತ್ತದೆ. ಉದಾರವಾದವೆಂಬ ಪದಕ್ಕೆ ಆದುದೂ ಇದೇ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಉದಾರವಾದಿಯೆಂದರೆ ಆಳುವವರ ಕೈಗೆ ಕಟ್ಟು ಹಾಕಬೇಕೆನ್ನುವವನು. ಪ್ರಜೆಯ ಮತ, ಮಾತು, ಸ್ವತ್ತು, ವ್ಯಾಪಾರ ಇವುಗಳ ಮೇಲೆ ದೊರೆತನಕ್ಕಿದ್ದ ಹಿಡಿತವನ್ನು ಸಡಿಲಿಸುವುದೇ ಅವನ ವ್ರತವಾಗಿದ್ದಿತು. ಧಾನ್ಯದ ಆಮದಿನ ಮೇಲಿದ್ದ ಸುಂಕವು ೧೮೪೬ರಲ್ಲಿ ರದ್ದಾಗಿ ಬಡವರ ರೊಟ್ಟಿ ಅಗ್ಗವಾದುದು ಕಾಬ್ಡನ್ ಮೊದಲಾದ ಅಂಥವರ ಚಳವಳಿಯಿಂದ. ಆದರೆ ಅದೇ ಹೆಸರಿನ ಪಕ್ಷವು ೧೯೦೮ರಲ್ಲಿ ವೃದ್ಧಾಪ್ಯ ವೇತನವನ್ನೂ ೧೯೧೧ರಲ್ಲಿ ಕಡ್ಡಾಯದ ವಿಮೆಯನ್ನೂ ಜಾರಿಗೆ ತಂದಿತು. ಅಲ್ಲಿಂದ ಮುಂದೆ ಉದಾರವಾದಿಯ ಪ್ರಶ್ನೆಯೇ ಬದಲಾಯಿತು. ಸರ್ಕಾರವು ಏನನ್ನು ಮಾಡಕೂಡದು ಎಂಬುದು ಹಿಂದಿನ ಪ್ರಶ್ನೆ. ಸರ್ಕಾರವು ಇನ್ನೇನನ್ನು ಮಾಡಿಕೊಡಬಹುದು ಎಂಬುದು ಈಚಿನ ಪ್ರಶ್ನೆ.

ಈ ಬದಲಾವಣೆಯು ಕೇವಲ ಪರದೇಶದ ಸಂಗತಿಯಲ್ಲ. ಗೋಖಲೆಯವರ ಕಾಲದ ನಮ್ಮ ಮಿತವಾದಿಗಳು ಹಳೆಯ ಅರ್ಥದ ಉದಾರವಾದವನ್ನೇ ಓದಿ ಬೆಳೆದವರು. ಸ್ವಾತಂತ್ರ್ಯಾನಂತರ ನಮ್ಮನ್ನು ಆಳಿದವರು ಹೊಸ ಅರ್ಥವನ್ನು ಹಿಡಿದರು. ಈ ಎರಡರ ನಡುವೆ ನಿಂತು, ತಾವೇ ಅಧಿಕಾರವನ್ನು ಹಲವು ಬಾರಿ ನಡೆಸಿ, ಕಡೆಗೆ ಎಂಬತ್ತನೆಯ ವಯಸ್ಸಿನಲ್ಲಿ ಅಧಿಕಾರದ ಹಿಗ್ಗುವಿಕೆಯ ವಿರುದ್ಧ ಪಕ್ಷ ಕಟ್ಟಿದ ಮಹನೀಯರೊಬ್ಬರಿದ್ದರು. ಅವರೇ ಶ್ರೀಮಾನ್ ಚಕ್ರವರ್ತಿ ರಾಜಗೋಪಾಲಾಚಾರ್ಯರು. ಅವರ ಜೀವನವನ್ನು ಇಲ್ಲಿ ಸ್ಮರಿಸುವುದು ಸ್ತುತಿಗಾಗಿ ಅಲ್ಲ. ಅವರ ವಾದದಿಂದ ಎಷ್ಟು ಕಲಿಯಬಹುದೋ, ಅವರ ತಪ್ಪುಗಳಿಂದಲೂ ಅಷ್ಟೇ ಕಲಿಯಬಹುದೆಂಬುದು ನಮ್ಮ ಅಭಿಪ್ರಾಯ.

ರಾಜಾಜಿಯವರು ಜನಿಸಿದುದು ೧೮೭೮ನೆಯ ಡಿಸೆಂಬರ್ ೧೦ರಂದು, ಅಂದಿನ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರಿನ ಬಳಿಯ ತೊರಪಳ್ಳಿಯೆಂಬ ಗ್ರಾಮದಲ್ಲಿ. ತಂದೆಯವರು ಆ ಗ್ರಾಮದ ಮುನ್ಸೀಫರು. ಹೊಸೂರು ಸೀಮೆಯು ತಮಿಳು, ತೆಲುಗು, ಕನ್ನಡಗಳು ಒಂದೇ ಸಂತೆಯಲ್ಲಿ ಕೂಡುವ ಗಡಿನಾಡು. ಬಾಲಕನು ಹೊಸೂರಿನಲ್ಲಿ ಅಕ್ಷರ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದರಾಸಿನಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದು, ೧೯೦೦ರಲ್ಲಿ ಸೇಲಮಿನಲ್ಲಿ ವಕೀಲಿ ವೃತ್ತಿಯನ್ನು ಹಿಡಿದನು. ವೃತ್ತಿಯು ಕೈಹತ್ತಿತು, ಹಣವೂ ಹೆಸರೂ ಬಂದವು. ೧೯೧೭ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷತೆಯೂ ಬಂದಿತು. ಮಹಾತ್ಮರ ಕರೆ ಬಂದಾಗ ಅವರು ಈ ವೈಭವವನ್ನೆಲ್ಲ ಬದಿಗಿಟ್ಟು ಸೆರೆಮನೆಗೆ ನಡೆದರು. ೧೯೨೫ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮವನ್ನು ಸ್ಥಾಪಿಸಿ ಖಾದಿ, ಅಸ್ಪೃಶ್ಯತಾ ನಿವಾರಣೆ, ಪಾನನಿರೋಧ ಇವುಗಳಲ್ಲಿ ತೊಡಗಿದರು. ೧೯೩೦ರಲ್ಲಿ ತಿರುಚಿರಾಪಳ್ಳಿಯಿಂದ ವೇದಾರಣ್ಯದ ಕಡಲ ತೀರಕ್ಕೆ ನಡೆದು ಉಪ್ಪಿನ ಕಾನೂನನ್ನು ಮುರಿದರು. ಉಪ್ಪನ್ನು ತಯಾರಿಸುವ ಹಕ್ಕು ಸರ್ಕಾರಕ್ಕೆ ಮಾತ್ರ ಸೇರಿದ್ದೆಂಬ ಏಕಸ್ವಾಮ್ಯದ ವಿರುದ್ಧ ನಡೆದ ಆ ಪಾದಯಾತ್ರೆಯು, ಹಳೆಯ ಉದಾರವಾದದ ದೃಷ್ಟಿಯಿಂದ ನೋಡಿದರೆ, ಅತ್ಯಂತ ಶುದ್ಧವಾದ ಹೋರಾಟವಾಗಿದ್ದಿತು.

ಇಂಥವರ ಕೈಗೆ ೧೯೩೭ರಲ್ಲಿ ಮದರಾಸು ಪ್ರಾಂತದ ಮುಖ್ಯಮಂತ್ರಿತ್ವವು ಬಂದಿತು. ಆಗ ನಡೆದುದನ್ನು ನಾವು ಎಚ್ಚರಿಕೆಯಿಂದ ಗಮನಿಸಬೇಕು. ಅವರು ಮಾಡಿದ ಕೆಲಸಗಳಲ್ಲಿ ಕೆಲವು ಚಿರಸ್ಮರಣೀಯ. ದೇವಾಲಯಗಳ ಬಾಗಿಲನ್ನು ಹರಿಜನರಿಗೆ ತೆರೆದವರಿಗೆ ಕಾನೂನಿನ ರಕ್ಷಣೆ ಕೊಟ್ಟ ೧೯೩೯ರ ಶಾಸನವು ಅಂಥದೊಂದು. ಆದರೆ ಸೇಲಂ ಜಿಲ್ಲೆಯಲ್ಲಿ ೧೯೩೭ರ ಅಕ್ಟೋಬರಿನಿಂದ ಪಾನನಿಷೇಧವನ್ನು ಜಾರಿಗೆ ತಂದು, ಅದರಿಂದ ನಷ್ಟವಾದ ವರಮಾನವನ್ನು ತುಂಬಲು ೧೯೩೯ರಲ್ಲಿ ಮಾರಾಟ ತೆರಿಗೆಯನ್ನು ಹೂಡಿದರು. ಜನರ ಗುಣವನ್ನು ತಿದ್ದಹೊರಟ ಸರ್ಕಾರವು ಅದರ ಖರ್ಚಿಗಾಗಿ ಅದೇ ಜನರ ಜೇಬಿಗೆ ಕೈಹಾಕಬೇಕಾಯಿತು. ಆ ತೆರಿಗೆಯ ಮಾದರಿಯು ಮುಂದೆ ದೇಶದ ಎಲ್ಲ ಪ್ರಾಂತಗಳಿಗೂ ಹಬ್ಬಿತು. ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದಾಗ ತಮಿಳು ಜನರು ಪ್ರತಿಭಟಿಸಿದರು. ಸಾವಿರಕ್ಕೂ ಹೆಚ್ಚು ಮಂದಿ ಸೆರೆಮನೆ ಸೇರಿದರು. ಬಂಧನದಲ್ಲಿದ್ದಾಗ ಇಬ್ಬರು ಪ್ರಾಣ ಬಿಟ್ಟರು. ಪ್ರತಿಭಟನೆಯನ್ನಡಗಿಸಲು ರಾಜಾಜಿಯವರು ಬಳಸಿದ ಅಸ್ತ್ರವಾದರೂ ಯಾವುದು? ಸತ್ಯಾಗ್ರಹಿಗಳನ್ನು ಹಣಿಯಲು ಬ್ರಿಟಿಷರು ರಚಿಸಿದ್ದ, ಕಾಂಗ್ರೆಸ್ಸೇ ಖಂಡಿಸಿದ್ದ ದಂಡಶಾಸನ ತಿದ್ದುಪಡಿಯ ಕಾಯಿದೆ! ೧೯೫೧ರಲ್ಲಿ ಕೇಂದ್ರದ ಗೃಹಮಂತ್ರಿಗಳಾಗಿದ್ದಾಗ ಮುದ್ರಣಾಲಯಗಳಿಂದ ಠೇವಣಿ ಕೇಳಲು ಎಡೆಗೊಡುವ ಪತ್ರಿಕಾ ಕಾಯಿದೆಯನ್ನು ಸಂಸತ್ತಿನಲ್ಲಿ ಮಂಡಿಸಿದವರೂ ಅವರೇ. ಪತ್ರಿಕಾ ವ್ಯವಸಾಯದವರಾದ ನಾವು ಇದನ್ನು ಮರೆಯಲಾರೆವು.

ರಾಜಾಜಿಯವರ ಪ್ರಾಮಾಣಿಕತೆಯನ್ನು ಅವರ ವೈರಿಗಳೂ ಶಂಕಿಸಲಿಲ್ಲ. ಸ್ವಂತಕ್ಕಾಗಿ ಅವರು ಕಾಸನ್ನು ಮುಟ್ಟಿದವರಲ್ಲ. ಅವರ ಉದ್ದೇಶಗಳೆಲ್ಲವೂ ಪರಹಿತದ್ದೇ. ಆದರೂ ಇಷ್ಟು ಬಲಾತ್ಕಾರವು ಅವರ ಕೈಯಿಂದ ನಡೆಯಿತು. ಇಷ್ಟು ಶುದ್ಧವಾದ ಕೈಯಿಂದಲೇ ಇದು ನಡೆದ ಮೇಲೆ, ಸದುದ್ದೇಶವು ಅಧಿಕಾರಕ್ಕೆ ಕಡಿವಾಣವಾಗಲಾರದೆಂಬುದಕ್ಕೆ ಬೇರೆ ಸಾಕ್ಷ್ಯವು ಬೇಕೆ? ಆಧುನಿಕ ಉದಾರವಾದದ ಬುಡದಲ್ಲಿರುವ ದೋಷವು ಇದೇ ಎಂದು ನಾವು ತಿಳಿಯುತ್ತೇವೆ. ಒಳ್ಳೆಯವರು ಆಳುವುದಾದರೆ ಅವರಿಗೆ ಎಷ್ಟು ಅಧಿಕಾರ ಕೊಟ್ಟರೂ ಭಯವಿಲ್ಲವೆಂದು ಅದು ನಂಬುತ್ತದೆ. ಹಳೆಯ ಉದಾರವಾದವು ಅಷ್ಟು ಸುಲಭವಾಗಿ ನಂಬುವುದಿಲ್ಲ. ಒಳ್ಳೆಯವನಿಗೂ ಅದು ಕಟ್ಟು ಹಾಕುತ್ತದೆ. ಅವನ ಬಳಿಕ ಅದೇ ಪೀಠದಲ್ಲಿ ಯಾರು ಕೂರುವರೆಂಬುದನ್ನು ಅದು ಯೋಚಿಸುತ್ತದೆ.

ರಾಜಾಜಿಯವರಿಗೆ ಈ ತತ್ತ್ವವು ಪುಸ್ತಕದಿಂದ ಹೊಳೆಯಿತೋ ಅನುಭವದಿಂದಲೋ ಎಂದು ಕೇಳಿದರೆ, ಅನುಭವದಿಂದಲೇ ಎಂದು ನಾವು ಹೇಳುತ್ತೇವೆ. ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿ, ೧೯೪೮ರಿಂದ ೧೯೫೦ರ ಜನವರಿ ೨೬ರವರೆಗೆ ಭಾರತದ ಕಡೆಯ ಗವರ್ನರ್ ಜನರಲ್ ಆಗಿ, ಆನಂತರ ಕೇಂದ್ರದ ಗೃಹಮಂತ್ರಿಗಳಾಗಿ ದುಡಿದ ಆ ವೃದ್ಧರು ೧೯೫೨ರಲ್ಲಿ ಮತ್ತೆ ಮದರಾಸಿನ ಮುಖ್ಯಮಂತ್ರಿಗಳಾದರು. ಯುದ್ಧಕಾಲದಿಂದ ನಡೆದುಬಂದಿದ್ದ ಆಹಾರ ನಿಯಂತ್ರಣವು ಆಗ ಜನರ ಕುತ್ತಿಗೆಗೆ ಬಿಗಿದಿದ್ದಿತು. ರೈತನು ಬೆಳೆದ ಧಾನ್ಯವನ್ನು ಗೊತ್ತುಮಾಡಿದ ಬೆಲೆಗೆ ಸರ್ಕಾರಕ್ಕೆ ಲೆವಿಯಾಗಿ ಅಳೆಯಬೇಕು. ಒಂದು ಜಿಲ್ಲೆಯ ಅಕ್ಕಿ ಇನ್ನೊಂದು ಜಿಲ್ಲೆಗೆ ಪರ್ಮಿಟ್ಟಿಲ್ಲದೆ ಹೋಗಕೂಡದು. ಪಟ್ಟಣದವನು ರೇಷನ್ ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ನಮ್ಮ ಮೈಸೂರು ಸೀಮೆಯ ಹಿರಿಯರಿಗೂ ಲೆವಿ, ಕಂಟ್ರೋಲು, ಕಾಳಸಂತೆ ಎಂಬ ಮಾತುಗಳು ಆ ಕಾಲದಲ್ಲಿಯೇ ಬಾಯಿಪಾಠವಾದವು. ಈ ಕಟ್ಟನ್ನು ಬಿಚ್ಚಿದರೆ ಬೆಲೆಗಳು ಮುಗಿಲು ಮುಟ್ಟುವುವೆಂದು ಅಂಜಿಸಿದವರು ಬಹಳ ಮಂದಿ, ದೆಹಲಿಯಲ್ಲಿಯೂ ಹಿಂಜರಿಕೆಯಿದ್ದಿತು. ರಾಜಾಜಿಯವರು ೧೯೫೨ರ ಜೂನ್ ತಿಂಗಳಿನಲ್ಲಿ ಒಂದೇ ಏಟಿಗೆ ನಿಯಂತ್ರಣವನ್ನು ತೆಗೆದುಹಾಕಿದರು. ಕೇಂದ್ರದ ಆಹಾರ ಮಂತ್ರಿ ರಫಿ ಅಹಮದ್ ಕಿದ್ವಾಯಿಯವರು ಅವರ ಬೆನ್ನಿಗೆ ನಿಂತರು. ಅಡಗಿದ್ದ ಅಕ್ಕಿ ಅಂಗಡಿಗೆ ಬಂದಿತು. ಹೇಳಿದಂಥ ಅನಾಹುತವೇನೂ ಆಗಲಿಲ್ಲ. ೧೯೫೪ರ ಹೊತ್ತಿಗೆ ದೇಶದಲ್ಲೆಲ್ಲ ಆಹಾರ ನಿಯಂತ್ರಣವು ಸಡಿಲವಾಯಿತು.

ಅದೇ ಮುಖ್ಯಮಂತ್ರಿಗಳು ೧೯೫೩ರಲ್ಲಿ, ಪ್ರಾಥಮಿಕ ಶಾಲೆಯ ಮಕ್ಕಳು ಅರ್ಧ ದಿನ ಓದಿ ಮಿಕ್ಕ ಹೊತ್ತಿನಲ್ಲಿ ಮನೆಯ ಕಸುಬನ್ನು ಕಲಿಯಲೆಂಬ ಯೋಜನೆಯನ್ನು ಮೇಲಿನಿಂದ ಹೊರಿಸಹೊರಟರು. ಕುಲಕ್ಕೊಂದು ವಿದ್ಯೆಯೆಂಬ ಹಳೆಯ ಕಟ್ಟನ್ನೇ ಇದು ಮರಳಿ ತರುವುದೆಂದು ಜನರು ಕೆರಳಿದರು. ೧೯೫೪ರಲ್ಲಿ ಅವರು ಪೀಠವನ್ನು ಬಿಡಬೇಕಾಯಿತು. ಧಾನ್ಯದ ವಿಷಯದಲ್ಲಿ ಜನರ ವಿವೇಕವನ್ನು ನಂಬಿ ಗೆದ್ದವರು, ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ವಿವೇಕವನ್ನು ನಂಬದೆ ಸೋತರು. ಒಬ್ಬರದೇ ಆಡಳಿತದ ಎರಡು ವರ್ಷಗಳಲ್ಲಿ ಎರಡು ಬಗೆಯ ರಾಜನೀತಿಯೂ ಹೀಗೆ ಪರೀಕ್ಷೆಗೆ ನಿಂತವು.

ಇತ್ತ ದೆಹಲಿಯಲ್ಲಿ ಯೋಜನಾಯುಗವು ಆರಂಭವಾಗಿದ್ದಿತು. ೧೯೫೧ರ ಕೈಗಾರಿಕಾ ಕಾಯಿದೆಯ ಪ್ರಕಾರ ದೊಡ್ಡ ಕಾರ್ಖಾನೆಯನ್ನು ತೆರೆಯಲೂ ಬೆಳೆಸಲೂ ಲೈಸೆನ್ಸು ಬೇಕಾಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯು ೪,೮೦೦ ಕೋಟಿ ರೂಪಾಯಿಗಳ ವೆಚ್ಚದಲ್ಲಿ ೧,೨೦೦ ಕೋಟಿಯನ್ನು ಖೋತಾ ಹಣದಿಂದ, ಎಂದರೆ ನೋಟು ಅಚ್ಚುಹಾಕಿ, ತುಂಬಿಸುವ ಯೋಚನೆಯನ್ನು ಹೂಡಿತು. ೧೯೫೫ರಲ್ಲಿ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ ಇದಕ್ಕೆ ಭಿನ್ನಮತದ ಟಿಪ್ಪಣಿ ಬರೆದವರು ಒಬ್ಬರೇ: ಮಂಗಳೂರು ಕಡೆಯವರಾದ ಪ್ರೊಫೆಸರ್ ಬಿ. ಆರ್. ಶೆಣೈಯವರು. ಉಳಿತಾಯಕ್ಕೆ ಮೀರಿ ಹಣ ಸುರಿದರೆ ಬೆಲೆಗಳೇರಿ ಬಡವನ ಗಳಿಕೆ ಕರಗುವುದೆಂದೂ, ನಿಯಂತ್ರಣಗಳು ಪ್ರಜಾಪ್ರಭುತ್ವವನ್ನೇ ಸವೆಸುವುವೆಂದೂ ಅವರು ಎಚ್ಚರಿಸಿದರು. ಅವರ ಮಾತನ್ನು ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಎರಡು ವರ್ಷಗಳೊಳಗಾಗಿ ವಿದೇಶೀ ವಿನಿಮಯದ ಮುಗ್ಗಟ್ಟು ದೇಶವನ್ನು ಕಾಡಿತು.

೧೯೫೯ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಸಹಕಾರೀ ಕೂಡುಬೇಸಾಯದ ನಿರ್ಣಯವನ್ನಂಗೀಕರಿಸಿತು. ರೈತರು ತಮ್ಮ ಹೊಲಗಳನ್ನು ಒಟ್ಟುಗೂಡಿಸಿ ಒಂದಾಗಿ ಉಳಬೇಕೆಂಬುದು ಅದರ ಸಾರ. ಅದೇ ವರ್ಷದ ಜೂನಿನಲ್ಲಿ ಮದರಾಸಿನಲ್ಲಿ ರಾಜಾಜಿಯವರು ಸ್ವತಂತ್ರ ಪಕ್ಷವನ್ನು ಘೋಷಿಸಿದರು. ರೈತ ನಾಯಕರಾದ ಎನ್. ಜಿ. ರಂಗಾ ಅವರು ಅಧ್ಯಕ್ಷರಾದರು. ಮಿನೂ ಮಸಾನಿಯವರು ಪ್ರಧಾನ ಕಾರ್ಯದರ್ಶಿಗಳಾದರು. ಲೈಸೆನ್ಸು ಪರ್ಮಿಟ್ಟುಗಳ ರಾಜ್ಯವೆಂದು ರಾಜಾಜಿಯವರು ಅಂದಿನ ಆಡಳಿತಕ್ಕಿಟ್ಟ ಹೆಸರು ದೇಶದ ನಾಲಗೆಯಲ್ಲಿ ನೆಲೆನಿಂತಿತು. ಅವರ ಆಕ್ಷೇಪಣೆಯು ಸ್ಥೂಲವಾಗಿ ಇಷ್ಟು: ಅನುಮತಿ ಕೊಡುವ ಅಧಿಕಾರವಿರುವಲ್ಲಿ ಅನುಮತಿಗೊಂದು ಬೆಲೆಯೂ ಹುಟ್ಟುತ್ತದೆ, ಆ ಬೆಲೆಯನ್ನು ತೆರಬಲ್ಲವನು ಧನಿಕನೇ ಹೊರತು ಬಡವನಲ್ಲ, ಹೀಗೆ ಬಡವನ ಹೆಸರಿನಲ್ಲಿ ಕಟ್ಟಿದ ಬೇಲಿಯು ಧನಿಕನ ತೋಟವನ್ನು ಕಾಯುತ್ತದೆ. ಆಳುವ ಪಕ್ಷವು ಅನುಮತಿಗಾಗಿ ಬಂದವರಿಂದ ಚುನಾವಣೆಯ ನಿಧಿಯನ್ನು ಕೂಡಿಸುತ್ತದೆ, ಆ ನಿಧಿಯ ಬಲದಿಂದ ಮತ್ತೆ ಆಳುತ್ತದೆ.

ನಮ್ಮ ಚಿತ್ರದುರ್ಗ ಸೀಮೆಯೂ ಈ ವಾದಕ್ಕೆ ಕಿವಿಗೊಟ್ಟಿತು. ಶ್ರೀರಾಂಪುರವನ್ನೊಳಗೊಂಡ ಹೊಸದುರ್ಗ ತಾಲ್ಲೂಕು ದೊಡ್ಡವರ ಹೆಸರಿಗೆ ಬೆದರುವ ನಾಡಲ್ಲ. ೧೯೬೨ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರಂಥ ನಾಯಕರನ್ನೇ ಹೊಸದುರ್ಗದ ಮತದಾರರು ಸೋಲಿಸಿ, ಪ್ರಜಾ ಸಮಾಜವಾದಿ ಪಕ್ಷದ ಜಿ. ಟಿ. ರಂಗಪ್ಪನವರನ್ನು ಆರಿಸಿದರು. ೧೯೬೭ರಲ್ಲಿ ಚಿತ್ರದುರ್ಗ ಕ್ಷೇತ್ರವು ಜೆ. ಮಹಮ್ಮದ್ ಇಮಾಮ್ ಅವರನ್ನು ಸ್ವತಂತ್ರ ಪಕ್ಷದ ಪರವಾಗಿ ಲೋಕಸಭೆಗೆ ಕಳುಹಿಸಿತು. ಆ ಬಾರಿ ಪಕ್ಷಕ್ಕೆ ದೇಶದಲ್ಲಿ ೪೪ ಸ್ಥಾನಗಳು ಬಂದವು. ೧೯೬೯ರಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದಾಗ ನಮ್ಮ ಕರಾವಳಿಯ ಜನರು ಕಾಸಿಗೆ ಕಾಸು ಕೂಡಿಸಿ ಬೆಳೆಸಿದ್ದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಸರ್ಕಾರದ ಪಾಲಾದವು. ಕಾಂಗ್ರೆಸ್ಸು ಒಡೆಯಿತು, ೧೯೭೧ರಲ್ಲಿ ನಿಜಲಿಂಗಪ್ಪನವರ ಪಕ್ಷವೂ ರಾಜಾಜಿಯವರ ಪಕ್ಷವೂ ಒಂದೇ ಕೂಟದಲ್ಲಿ ನಿಂತು ಸೋತವು. ಸ್ವತಂತ್ರ ಪಕ್ಷಕ್ಕೆ ಉಳಿದುದು ಎಂಟೇ ಸ್ಥಾನಗಳು. ೧೯೭೨ನೆಯ ಡಿಸೆಂಬರ್ ೨೫ರಂದು, ತೊಂಬತ್ತನಾಲ್ಕು ವರ್ಷ ತುಂಬಿದ್ದ ರಾಜಾಜಿಯವರು ತೀರಿಕೊಂಡರು. ೧೯೭೪ರಲ್ಲಿ ಅವರ ಪಕ್ಷವು ಬೇರೊಂದರಲ್ಲಿ ಲೀನವಾಯಿತು.

ಈ ಸೋಲಿಗೆ ಪಕ್ಷದ ದೋಷಗಳೂ ಕಾರಣ. ಸಂಸ್ಥಾನಗಳ ಮಾಜಿ ಅರಸರೂ ದೊಡ್ಡ ಹಿಡುವಳಿದಾರರೂ ಅದರ ನೆರಳಿಗೆ ಬಂದರು. ಸ್ವಾತಂತ್ರ್ಯವೆಂದರೆ ಉಳ್ಳವರ ಸ್ವಾತಂತ್ರ್ಯವೆಂಬ ಅಪವಾದವು ಅಂಟಿಕೊಂಡಿತು. ಗೇಣಿದಾರನ ಸಂಕಟಕ್ಕೆ ಆ ಪಕ್ಷದಲ್ಲಿ ತಕ್ಕ ಉತ್ತರವಿರಲಿಲ್ಲ.

ಇದಕ್ಕಿಂತಲೂ ಗುರುತರವಾದ ಎರಡು ಆಕ್ಷೇಪಣೆಗಳನ್ನು ನಮ್ಮ ವಾಚಕರು ಎತ್ತಬಹುದು. ಮೊದಲನೆಯದು ಬರಗಾಲದ್ದು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ, ಮಾರುಕಟ್ಟೆಯ ನಿಯಮಕ್ಕೆ ಕೈಹಾಕಬಾರದೆಂಬ ನೆವದಿಂದ ಬ್ರಿಟಿಷ್ ಸರ್ಕಾರವು ಪರಿಹಾರವನ್ನು ಹಿಸುಕಿತು. ೧೮೭೧ರ ಗಣತಿಯಲ್ಲಿ ೫೦ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕಿಳಿದಿದ್ದಿತು. ಹಳೆಯ ಉದಾರವಾದದ ಹೆಸರಿಗೆ ಬಿದ್ದ ಈ ಕಳಂಕವನ್ನು ನಾವು ಮುಚ್ಚುವುದಿಲ್ಲ. ಆದರೆ ಹಸಿದವನಿಗೆ ಅನ್ನವಿಕ್ಕುವುದು ಒಂದು, ಬೆಳೆದವನ ಕಣಜಕ್ಕೆ ಬೀಗ ಹಾಕುವುದು ಇನ್ನೊಂದು. ರಾಜಾಜಿಯವರು ನಿಯಂತ್ರಣವನ್ನು ತೆಗೆದ ವರ್ಷವೇ ಬರ ಬಡಿದಿದ್ದ ರಾಯಲಸೀಮೆಯಲ್ಲಿ ಗಂಜಿ ಕೇಂದ್ರಗಳು ನಡೆದವು. ನೊಂದವನಿಗೆ ನೆರವಾಗುವ ಧರ್ಮವನ್ನು ಯಾವ ಸ್ವಾತಂತ್ರ್ಯತತ್ತ್ವವೂ ನಿಷೇಧಿಸುವುದಿಲ್ಲ.

ಎರಡನೆಯದು ಅಣೆಕಟ್ಟಿನದು. ಹೊಸದುರ್ಗ ತಾಲ್ಲೂಕನ್ನು ಹಾದು ಹೋಗುವ ವೇದಾವತಿಗೆ ಹಿರಿಯೂರಿನ ಮಾರಿಕಣಿವೆಯಲ್ಲಿ ೧೯೦೭ರ ಹೊತ್ತಿಗೆ ವಾಣಿವಿಲಾಸ ಸಾಗರವನ್ನು ಕಟ್ಟಿದವರು ಯಾರು? ಸರ್ಕಾರವೇ ಅಲ್ಲವೇ? ಅಹುದು. ಹಳೆಯ ಉದಾರವಾದದ ಗುರುವಾದ ಆಡಂ ಸ್ಮಿತ್ ತನ್ನ ೧೭೭೬ರ ಗ್ರಂಥದಲ್ಲಿ, ಯಾವ ಒಬ್ಬನಿಗೂ ಲಾಭದಾಯಕವಾಗದ ಆದರೆ ಎಲ್ಲರಿಗೂ ಬೇಕಾದ ಲೋಕೋಪಯೋಗಿ ಕಾಮಗಾರಿಗಳನ್ನು ದೊರೆಯ ಕರ್ತವ್ಯಗಳಲ್ಲಿಯೇ ಎಣಿಸಿದ್ದಾನೆ. ಅಣೆಕಟ್ಟನ್ನು ಕಟ್ಟಿದ ಸರ್ಕಾರವು ರೈತನ ಕೈಗೆ ಬಲ ಕೊಡುತ್ತದೆ. ಅವನು ಯಾವ ಬೆಳೆಯನ್ನು ಯಾರಿಗೆ ಯಾವ ಬೆಲೆಗೆ ಮಾರಬೇಕೆಂದು ವಿಧಿಸುವ ಸರ್ಕಾರವು ಅದೇ ಕೈಯನ್ನು ಕಟ್ಟುತ್ತದೆ. ಎರಡೂ ಹಿತಕ್ಕಾಗಿಯೇ ಎಂದು ಹೇಳಿಕೊಂಡರೂ ಎರಡೂ ಒಂದಲ್ಲ.

ಕಾಲವು ರಾಜಾಜಿಯವರಿಗೆ ಅರ್ಧ ನ್ಯಾಯವನ್ನು ಕೊಟ್ಟಿದೆ. ೧೯೯೧ರ ಜುಲೈಯಲ್ಲಿ ಬಹುತೇಕ ಕೈಗಾರಿಕೆಗಳ ಲೈಸೆನ್ಸು ಪದ್ಧತಿಯು ಹೋಯಿತು. ಅದನ್ನು ತೆಗೆದುದು ಅದನ್ನು ತಂದ ಪಕ್ಷದ ಸರ್ಕಾರವೇ. ಕೂಡುಬೇಸಾಯದ ಮಾತನ್ನು ಇಂದು ಯಾರೂ ಎತ್ತುವುದಿಲ್ಲ. ಉಳಿದರ್ಧ ಹಾಗೆಯೇ ಇದೆ. ಸ್ವತ್ತಿನ ಹಕ್ಕು ೧೯೭೮ರ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದಿತು. ೧೯೮೯ರಿಂದೀಚೆಗೆ, ನೋಂದಣಿ ಬಯಸುವ ಯಾವ ರಾಜಕೀಯ ಪಕ್ಷವಾದರೂ ಸಮಾಜವಾದದ ತತ್ತ್ವಕ್ಕೆ ನಿಷ್ಠೆಯನ್ನು ಬರೆದುಕೊಡಬೇಕು. ರಾಜಾಜಿಯವರು ಇಂದು ಪಕ್ಷವನ್ನು ಕಟ್ಟಹೊರಟರೆ, ತಾವು ಯಾವುದನ್ನು ವಿರೋಧಿಸುತ್ತಾರೋ ಅದಕ್ಕೇ ಮೊದಲು ಕೈಮುಗಿಯಬೇಕಾದೀತು. ಎಲ್ಲ ಮತಗಳಿಗೂ ಎಡೆಯಿರಬೇಕಾದ ಪ್ರಜಾಪ್ರಭುತ್ವಕ್ಕೆ ಇದು ಶೋಭಿಸುವ ನಿಯಮವೇ ಎಂಬುದನ್ನು ಸಮಾಜವಾದಿಗಳೂ ಯೋಚಿಸಲಿ.

ಇಂದು ಪ್ರತಿಯೊಂದು ಪಕ್ಷವೂ ಇನ್ನೊಂದಕ್ಕಿಂತ ಹೆಚ್ಚು ಕೊಡುವೆನೆಂದು ಕೂಗಿ ಮತ ಕೇಳುತ್ತದೆ. ಕೊಡುವುದೆಲ್ಲವೂ ತಪ್ಪೆಂದು ನಾವು ಹೇಳಲಾರೆವು. ಹೊಸದುರ್ಗ ಸೀಮೆಯ ತೆಂಗು ಬೆಳೆಗಾರನು ಕೊಬ್ಬರಿಯ ಬೆಲೆ ಬಿದ್ದಾಗ ಬೆಂಬಲ ಬೆಲೆಯನ್ನು ಕೇಳುವುದು ಸಹಜ. ವೃದ್ಧರಿಗೂ ವಿಧವೆಯರಿಗೂ ವೇತನವು ಆಸರೆಯಾಗಿದೆ. ಆದರೆ ಕೊಡುಗೆಯ ಪ್ರಮಾಣವನ್ನು ಅಳೆಯುವ ನಾವು ಅದರ ಷರತ್ತುಗಳನ್ನು ಓದುವುದಿಲ್ಲ. ಅದು ಎಲ್ಲರಿಗೂ ಸಮನಾದ ಕಾನೂನಿನಿಂದ ಬರುತ್ತದೆಯೋ, ಒಬ್ಬ ಅಧಿಕಾರಿಯ ಮರ್ಜಿಯಿಂದಲೋ? ನಿರಾಕರಿಸಿದರೆ ಪ್ರಶ್ನಿಸಲು ದಾರಿಯಿದೆಯೋ ಇಲ್ಲವೋ? ಬೇಡವೆನ್ನುವವನಿಗೆ ತನ್ನ ದಾರಿ ಹಿಡಿಯುವ ಸ್ವಾತಂತ್ರ್ಯವು ಉಳಿದಿದೆಯೋ? ಶ್ರೀರಾಂಪುರದ ನಾಡಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತ ರೈತನಿಗೆ ಉದಾರವಾದದ ಇತಿಹಾಸವು ತಿಳಿಯಬೇಕಾಗಿಲ್ಲ. ತಾನು ಹಕ್ಕನ್ನು ಪಡೆಯಲು ಬಂದಿರುವೆನೋ ಕೃಪೆಯನ್ನು ಬೇಡಲು ಬಂದಿರುವೆನೋ ಎಂಬುದು ಅವನಿಗೆ ಚೆನ್ನಾಗಿ ತಿಳಿದಿರುತ್ತದೆ.

ಅಧಿಕಾರಿ ವರ್ಗದ ನಮ್ಮ ವಾಚಕರು ಇದನ್ನು ತಮ್ಮ ಮೇಲಿನ ದೋಷಾರೋಪಣೆಯೆಂದು ಭಾವಿಸಬಾರದು. ಸಾಧುಗಳಾದ ರಾಜಾಜಿಯವರಂಥವರೇ ಅಧಿಕಾರದ ಪೀಠದಲ್ಲಿ ಎಡವಿರುವಾಗ, ಮಿಕ್ಕವರಿಂದ ಅವರಿಗಿಂತ ಹೆಚ್ಚಿನ ಸಂಯಮವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದುದರಿಂದಲೇ ಕಟ್ಟು ಹಾಕಬೇಕಾದುದು ಕುರ್ಚಿಗೆ. ಅದರಲ್ಲಿ ಕೂತವರ ಗುಣದ ಮೇಲೆ ಭಾರ ಹಾಕಿ ಪ್ರಜೆಯು ನಿದ್ರಿಸಲಾಗದು. ಅಧಿಕಾರವನ್ನು ನಡೆಸಿ, ಅದರ ರುಚಿಯನ್ನೂ ವಿಷವನ್ನೂ ಕಂಡು, ಮುಪ್ಪಿನಲ್ಲಿ ಅದಕ್ಕೆ ಮಿತಿ ಹಾಕಲು ಹೊರಟ ಆ ಮಹನೀಯರ ಜೀವನವು ನಮಗೆ ಹೇಳುವುದು ಇಷ್ಟೇ. ಇದನ್ನು ಒಪ್ಪುವವರೂ ಒಪ್ಪದವರೂ, ಮುಂದೆ ಮತಯಾಚನೆಗೆ ಬಂದವರು ಕೊಡುಗೆಯ ಪಟ್ಟಿಯನ್ನು ಓದುವಾಗ, ಅದಕ್ಕಾಗಿ ಅವರು ಯಾವ ಯಾವ ಅಧಿಕಾರವನ್ನು ಕೇಳುತ್ತಿದ್ದಾರೆಂಬುದನ್ನೂ ಒಮ್ಮೆ ವಿಚಾರಿಸಿ ನೋಡಲೆಂದು ನಾವು ಬಿನ್ನವಿಸುತ್ತೇವೆ.